ಫೋನ್ ಕೆಳಗಿಡು, ಆ ಅಜ್ಜಿಯ ಹತ್ತಿರ ಹೋಗು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾಲ್ಕು ಸಲ ಓದಿದೆ. ಬರೆದವಳಿಗೆ ಇಪ್ಪತ್ತನಾಲ್ಕು ವರ್ಷ. ನರ್ಸಿಂಗ್ ಕೋರ್ಸಿಗೆ ಅರ್ಜಿ ಹಾಕಿದ್ದಾಳೆ. ಸೀಟು ಕಡಿಮೆ, ಅರ್ಜಿ ಜಾಸ್ತಿ ಇರುವ ಕಾಲೇಜು. ಪ್ರವೇಶ ಪರೀಕ್ಷೆ ಆಯಿತು, ಸಂದರ್ಶನವೂ ಆಯಿತು. ಆಮೇಲೆ ‘ನೀವು ವೇಟಿಂಗ್ ಲಿಸ್ಟಿನಲ್ಲಿದ್ದೀರಿ’ ಎಂದು ಒಂದು ಇಮೇಲ್ ಬಂತು. ಅದಾಗಿ ಏಳು ವಾರ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಫೋನ್ ನೋಡುತ್ತಾಳೆ, ನಡುರಾತ್ರಿ ಎಚ್ಚರವಾದರೂ ಫೋನ್ ನೋಡುತ್ತಾಳೆ. ಕಾಲೇಜಿನ ಆಫೀಸಿಗೆ ಒಂದೇ ವಾರದಲ್ಲಿ ಮೂರು ಸಲ ಕರೆ ಮಾಡಿದ್ದಾಳೆ. ಜೊತೆಗೆ ಪರೀಕ್ಷೆ ಬರೆದ ಗೆಳತಿಗೆ ಸೀಟು ಸಿಕ್ಕಿದೆ, ಅವಳ ಜೊತೆ ಮಾತು ನಿಂತಿದೆ. ‘ನರ್ಸ್ ಆಗಲು ನಾನು ಲಾಯಕ್ಕಿಲ್ಲವೇನೋ. ಹೀಗೆ ಕಾಯುವುದನ್ನು ಹೇಗೆ ತಡೆದುಕೊಳ್ಳಲಿ?’ ಎಂದು ಕೇಳಿದ್ದಾಳೆ.

ಆದರೆ ಪತ್ರದ ನಡುವೆ ಇನ್ನೊಂದು ಮಾತಿದೆ. ‘ಎರಡು ವರ್ಷ ಒಂದು ವೃದ್ಧಾಶ್ರಮದಲ್ಲಿ ಹೆಲ್ಪರ್ ಆಗಿದ್ದೆ. ಸಂದರ್ಶನ ಆದಮೇಲೆ ಭಾವ ಆಯಾ ಕೆಲಸ ಬೇಡ, ಮನೆಯಲ್ಲಿರು ಅಂದರು, ಬಿಟ್ಟೆ. ಅಲ್ಲಿನ ಮರೆವಿನ ಕಾಯಿಲೆಯ ಒಬ್ಬರು ಅಜ್ಜಿ ತಲೆ ಬಾಚುವಾಗ ಆ ಹುಡುಗಿ ಎಲ್ಲಿ ಅಂತ ಈಗಲೂ ಕೇಳುತ್ತಾರಂತೆ.’ ಇಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ವೇಟಿಂಗ್ ಲಿಸ್ಟಿನ ವಿಷಯ.

ನೀನು ನನ್ನ ಮಗಳಿಗಿಂತ ಚಿಕ್ಕವಳು, ಏಕವಚನದಲ್ಲೇ ಬರೆಯುತ್ತೇನೆ. ಏಳು ವಾರದ ಕಥೆಯನ್ನು ಎರಡು ಪುಟ ಬರೆದಿದ್ದೀಯ. ಎರಡು ವರ್ಷದ ಕಥೆಗೆ ಮೂರು ಸಾಲು ಕೊಟ್ಟಿದ್ದೀಯ. ನನಗೆ ನೋವಾದದ್ದು ಅಲ್ಲಿ.

ಮೊದಲು ಲಾಯಕ್ಕಿನ ವಿಷಯ ಮುಗಿಸಿಬಿಡೋಣ. ವೇಟಿಂಗ್ ಲಿಸ್ಟ್ ಅಂದರೆ ‘ನೀನು ಬೇಡ’ ಅಂತ ಅಲ್ಲ. ಬೇಡವಾದವರಿಗೆ ‘ಇಲ್ಲ’ ಎಂದೇ ಪತ್ರ ಬರುತ್ತದೆ. ನಿನ್ನನ್ನು ಸೇರಿಸಿಕೊಳ್ಳಬಹುದು, ಸದ್ಯ ಜಾಗ ಇಲ್ಲ, ಅಷ್ಟೇ ಇದರ ಅರ್ಥ. ಜಾಗ ಯಾಕಿಲ್ಲ? ನರ್ಸಿಂಗ್ ಕಾಲೇಜಿನ ಸೀಟು ಕ್ಲಾಸಿನ ಬೆಂಚು ಎಣಿಸಿ ಹೇಳುವ ಲೆಕ್ಕ ಅಲ್ಲ. ವಿದ್ಯಾರ್ಥಿಗಳು ವಾರ್ಡಿಗೆ ಹೋಗಬೇಕು, ನಿಜವಾದ ರೋಗಿಯ ಮೈ ಮುಟ್ಟಬೇಕು, ಔಷಧಿ ಕೊಡಬೇಕು. ಕಲಿಸುವವರು ಪಕ್ಕದಲ್ಲೇ ನಿಂತು ನೋಡಬೇಕು. ಒಬ್ಬ ಶಿಕ್ಷಕಿ ಒಂದು ಹೊತ್ತಿಗೆ ಕೆಲವೇ ಮಂದಿಯನ್ನು ಹಾಗೆ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬಲ್ಲಳು. ಒಂದು ವಾರ್ಡಿಗೆ ಒಂದಿಷ್ಟೇ ವಿದ್ಯಾರ್ಥಿಗಳನ್ನು ಬಿಡಬಹುದು. ನೋವಿನಲ್ಲಿ ಮಲಗಿರುವ ಒಬ್ಬರ ಸುತ್ತ ಹತ್ತು ಜನ ನಿಲ್ಲಬಾರದು, ಅಲ್ವಾ? ಅದರ ಮೇಲೆ ನರ್ಸಿಂಗ್ ಕಲಿಸುವವರ ಕೊರತೆ ಅನೇಕ ದೇಶಗಳಲ್ಲಿದೆ. ಹಾಗಾಗಿ ಒಳ್ಳೆಯ ಅಂಕ ಇದ್ದವರೂ ಹೊರಗೆ ನಿಲ್ಲುತ್ತಾರೆ.

ಜಗತ್ತಿಗೆ ನರ್ಸ್‌ಗಳು ಸಾಕಾಗಿದ್ದಾರೆ ಅಂದುಕೊಳ್ಳಬೇಡ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದರು. ಆದರೂ 58 ಲಕ್ಷದಷ್ಟು ಕಡಿಮೆ ಬಿದ್ದಿದ್ದರು. ಇಷ್ಟು ನರ್ಸ್‌ಗಳು ಬೇಕಾಗಿದ್ದರೂ ಬಾಗಿಲು ಕಿರಿದಾಗಿದೆ. ಆ ಇಕ್ಕಟ್ಟಿಗೆ ನೀನು ಕಾರಣ ಅಲ್ಲ.

ಕಾಲೇಜಿನವರು ಸುಮ್ಮನಿರುವುದಕ್ಕೂ ಕಾರಣ ಇದೆ. ಪಟ್ಟಿಯಲ್ಲಿ ನಿನಗಿಂತ ಮೇಲಿರುವವರು ಬೇರೆ ಕಡೆಗಳಲ್ಲೂ ಅರ್ಜಿ ಹಾಕಿರುತ್ತಾರೆ. ಅವರು ಎಲ್ಲಿಗೆ ಸೇರುತ್ತಾರೆ ಅನ್ನುವುದು ಸೀಟು ಖಚಿತಪಡಿಸುವ ಕೊನೆಯ ದಿನದವರೆಗೂ ಕಾಲೇಜಿಗೇ ಗೊತ್ತಿರುವುದಿಲ್ಲ. ಆ ದಿನ ಕಳೆದ ಮೇಲೆ ಪಟ್ಟಿ ಸರಿಯಲು ಶುರುವಾಗುತ್ತದೆ. ಕೆಲವು ಕಡೆ ತರಗತಿ ಶುರುವಾಗುವ ಹಿಂದಿನ ದಿನದವರೆಗೂ ಸರಿಯುತ್ತಲೇ ಇರುತ್ತದೆ. ನೀನು ಮೂರು ಸಲ ಫೋನ್ ಮಾಡಿದೆಯಲ್ಲ, ಎತ್ತಿಕೊಂಡವರ ಕೈಯಲ್ಲಿ ಆಗ ಉತ್ತರವೇ ಇರಲಿಲ್ಲ. ‘ನನಗೆ ಈಗಲೂ ಸೇರುವ ಆಸೆ ಇದೆ, ಕರೆದರೆ ತಕ್ಷಣ ಬರುತ್ತೇನೆ’ ಎಂದು ಒಂದು ಚಿಕ್ಕ ಇಮೇಲ್ ಕಳಿಸು. ಒಂದೇ ಒಂದು. ಆಮೇಲೆ ಕರೆ ಮಾಡಬೇಡ.

ಗೆಳತಿಯ ವಿಷಯದಲ್ಲಿ ನಾನು ಅವಳ ಪಕ್ಷ. ಅವಳು ನಿನ್ನ ಸೀಟು ಕಿತ್ತುಕೊಂಡಿಲ್ಲ. ನಿನ್ನ ಜೊತೆ ಕೂತು ಓದಿದವಳು ಖುಷಿಯಾಗಿರುವ ಹೊತ್ತಲ್ಲಿ ನೀನು ಮಾತು ಬಿಟ್ಟೆ. ಸಿಟ್ಟು ಬಂದದ್ದು ಸಹಜ, ಮೌನ ಮುಂದುವರಿಸುವುದು ಬೇಡ.

ಈಗ ಆ ಮೂರು ಸಾಲಿಗೆ ಬರುತ್ತೇನೆ.

ವೃದ್ಧಾಶ್ರಮದಲ್ಲಿ ಎರಡು ವರ್ಷ ನೀನು ಏನು ಮಾಡುತ್ತಿದ್ದೆ? ಬರೆದಿಲ್ಲ, ಆದರೆ ಅಲ್ಲಿ ಹೆಲ್ಪರ್ ಕೆಲಸ ಏನಿರುತ್ತದೆ ಎಂದು ನನಗೆ ಗೊತ್ತು. ಮೈ ಒರೆಸುವುದು. ಬೆಡ್‌ಪ್ಯಾನ್ ಇಡುವುದು, ತೆಗೆಯುವುದು, ತೊಳೆಯುವುದು. ಒದ್ದೆಯಾದ ಹಾಸಿಗೆ ಬದಲಿಸುವುದು. ನುಂಗಲು ಕಷ್ಟ ಇರುವವರನ್ನು ನೆಟ್ಟಗೆ ಕೂರಿಸಿ ನಿಧಾನವಾಗಿ ಚಮಚದಲ್ಲಿ ತಿನ್ನಿಸುವುದು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು.

ಆ ಮಗ್ಗುಲು ಬದಲಿಸುವ ಕೆಲಸ ಒಂದನ್ನೇ ನೋಡು. ಒಂದೇ ಕಡೆ ಭಾರ ಬಿದ್ದರೆ ಹಿಮ್ಮಡಿ, ಸೊಂಟದ ಹಿಂಭಾಗ, ಭುಜದ ಮೂಳೆ ಇರುವ ಕಡೆ ರಕ್ತ ಓಡಾಡುವುದಿಲ್ಲ. ಚರ್ಮ ಸಾಯಲು ಶುರುವಾಗುತ್ತದೆ. ಮೊದಲು ಕಾಣುವುದು ಒಂದು ಕೆಂಪು ಕಲೆ. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಸಮಯ ಇದೆ. ಒತ್ತಿದರೂ ಕೆಂಪು ಹೋಗದಿದ್ದರೆ ಆಗಲೇ ಒಳಗೆ ಪೆಟ್ಟಾಗಿದೆ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲ, ಕೈಯಿಟ್ಟು ನೋಡಬೇಕು. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಅಕ್ಕಪಕ್ಕದ ಚರ್ಮಕ್ಕಿಂತ ಬೇರೆ ಥರ ಇದೆಯಾ? ಇದನ್ನು ಮೊದಲು ನೋಡುವವರು ಯಾರು? ಮೈ ಒರೆಸುವವರು. ಹಾಸಿಗೆ ಹುಣ್ಣಾದರೆ ಅದು ಹೆಚ್ಚಾಗಿ ಕಾಯಿಲೆಯ ತಪ್ಪಲ್ಲ, ಆರೈಕೆಯ ತಪ್ಪು ಎಂಬುದು ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಗಟ್ಟಿ ನಿಲುವಾಗಿತ್ತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ತರಬೇತಿ ಶಾಲೆ ಶುರು ಮಾಡಿಸಿದಾಗ ವಿದ್ಯಾರ್ಥಿನಿಯರು ವಾರ್ಡಿನಲ್ಲಿ ದುಡಿಯುತ್ತಲೇ ಕಲಿತರು.

ಇಂಥ ಕೆಲಸವನ್ನು ನಿನ್ನ ಭಾವ ಬಿಡಿಸಿದರು. ‘ನರ್ಸ್ ಆಗುವವಳು ಆಯಾ ಕೆಲಸ ಮಾಡ್ತಾಳಾ? ಸುಮ್ನೆ ಮನೆಯಲ್ಲಿರು, ಸೀಟು ಬರಲಿ’ ಅಂದರಂತೆ. ನೀನು ಅವರ ಮೇಲೆ ಒಂದು ಮಾತೂ ಆಡಿಲ್ಲ. ನಾನು ಆಡುತ್ತೇನೆ. ಈ ಏಳು ವಾರದ ಸಂಕಟದಲ್ಲಿ ಅರ್ಧ ಅವರು ತಂದಿಟ್ಟದ್ದು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೂ ತಪ್ಪು. ಮಲ ಮೂತ್ರ ಮುಟ್ಟುವ ಕೆಲಸ ಕೀಳು, ಇಂಜೆಕ್ಷನ್ ಕೊಡುವ ಕೆಲಸ ಮೇಲು ಎಂದು ನಂಬಿದವರು ಮನೆಯಲ್ಲಿ ಒಬ್ಬರಿದ್ದರೂ ಸಾಕು, ಅದು ಕಲಿಯುವವಳ ತಲೆಗೂ ಹತ್ತುತ್ತದೆ. ನರ್ಸ್ ಆದಮೇಲೂ ನೀನು ಬೆಡ್‌ಪ್ಯಾನ್ ಎತ್ತುತ್ತೀಯ. ಎತ್ತಬೇಕು. ಮೂತ್ರದ ಬಣ್ಣ ನೋಡಬೇಕು, ಎಷ್ಟಾಯಿತು ಎಂದು ಅಳೆದು ಬರೆಯಬೇಕು. ವೈದ್ಯರು ಮುಂದೇನು ಮಾಡಬೇಕೆಂದು ನಿರ್ಧರಿಸುವಾಗ ಆ ಬರಹವನ್ನೂ ನೋಡುತ್ತಾರೆ. ಭಾವನಿಗೆ ಈ ಪ್ಯಾರಾ ಓದಿ ಹೇಳು. ಅಕ್ಕ ಬೇಜಾರು ಮಾಡಿಕೊಂಡರೆ ನನ್ನ ಮೇಲೆ ಹಾಕು.

ನನಗೆ ಇದೆಲ್ಲ ಇಷ್ಟು ತಟ್ಟಲು ಕಾರಣ ಇದೆ. ನನ್ನ ಅಮ್ಮ ಸೊಂಟದ ಮೂಳೆ ಮುರಿದು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ರಾತ್ರಿ ನೋಡಿಕೊಳ್ಳಲು ಒಬ್ಬ ಹುಡುಗಿ ಬರುತ್ತಿದ್ದಳು. ಯಾವ ಕೋರ್ಸೂ ಮಾಡಿದವಳಲ್ಲ. ಒಂದು ಸಂಜೆ ಬಂದು ಅಮ್ಮನ ಹತ್ತಿರ ಎರಡು ನಿಮಿಷ ಕೂತಳು. ಎದ್ದು ಬಂದು, ‘ಇವತ್ತು ಅಮ್ಮ ಬೇರೆ ಥರ ಇದ್ದಾರೆ, ಡಾಕ್ಟರಿಗೆ ಹೇಳಿ’ ಅಂದಳು. ಜ್ವರ ಇರಲಿಲ್ಲ. ನೋವು ಅಂತಲೂ ಅಮ್ಮ ಹೇಳಿರಲಿಲ್ಲ. ನಾನು ಇಡೀ ದಿನ ಅದೇ ಕೋಣೆಯಲ್ಲಿದ್ದೆ, ನನಗೆ ಏನೂ ಕಂಡಿರಲಿಲ್ಲ. ಅವಳಿಗೆ ಕಂಡದ್ದು ಇಷ್ಟೇ: ದಿನಾ ಅವಳ ಕೈ ಹಿಡಿದು ಮಾತಾಡುತ್ತಿದ್ದ ಅಮ್ಮ ಅವತ್ತು ಕೈ ಹಿಡಿಯಲಿಲ್ಲ, ಗೋಡೆ ನೋಡುತ್ತಿದ್ದರು. ಪರೀಕ್ಷೆ ಮಾಡಿದಾಗ ಸೋಂಕು ಆಗಿತ್ತು. ವಯಸ್ಸಾದವರಲ್ಲಿ ಜ್ವರ ಬರುವ ಮೊದಲೇ ಹೀಗೆ ಇದ್ದಕ್ಕಿದ್ದ ಹಾಗೆ ಮಂಕು ಕವಿಯುವುದುಂಟು ಎಂದು ವೈದ್ಯರು ಆಮೇಲೆ ಹೇಳಿದರು.

ಆ ಹುಡುಗಿ ಹಾಗೆ ಗುರುತಿಸಿದ್ದು ದಿನಾ ಬರುತ್ತಿದ್ದಳು ಎಂಬ ಕಾರಣಕ್ಕೆ. ಒಬ್ಬರ ಮಾಮೂಲಿ ಹೇಗಿರುತ್ತದೆ ಎಂದು ಗೊತ್ತಿದ್ದರೆ ತಾನೇ ಮಾಮೂಲಿ ತಪ್ಪಿದ್ದು ಗೊತ್ತಾಗುವುದು? ನಿನಗೆ ಆ ಅಜ್ಜಿಯ ಮಾಮೂಲಿ ಗೊತ್ತು. ಬಾಚಣಿಗೆ ಯಾವ ಕಡೆಯಿಂದ ಹಾಕಿದರೆ ನೋವಾಗುವುದಿಲ್ಲ, ಯಾವ ಹೊತ್ತಿಗೆ ಗಾಬರಿ ಜಾಸ್ತಿ, ಯಾವ ಮಾತಿಗೆ ಸಮಾಧಾನ ಆಗುತ್ತಾರೆ, ಎಲ್ಲ ಗೊತ್ತು. ಅವರಿಗೆ ಮರೆವಿನ ಕಾಯಿಲೆ ಇದೆ ಎಂದು ಬರೆದಿದ್ದೀಯ. ನಿನ್ನ ಹೆಸರು ಅವರಿಗೆ ನೆನಪಿಲ್ಲ, ‘ಆ ಹುಡುಗಿ’ ಅನ್ನುತ್ತಾರೆ. ಹೆಸರು ಮರೆತವರು ನಿನ್ನ ಕೈಯನ್ನು ಮರೆತಿಲ್ಲ. ‘ನಾನು ಲಾಯಕ್ಕಾ’ ಎಂದು ಒಂದು ಆಫೀಸನ್ನು ಕೇಳುತ್ತಾ ಕೂತಿದ್ದೀಯಲ್ಲ, ಉತ್ತರ ಆ ಅಜ್ಜಿಯಿಂದ ಆಗಲೇ ಬಂದಿದೆ.

ನಿನ್ನ ಕಾಯುವ ಸಂಕಟ ಸಣ್ಣದು ಎಂದು ನಾನು ಹೇಳುತ್ತಿಲ್ಲ. ಆದರೆ ನೀನು ಮನೆಯಲ್ಲಿ ಕೂತು ಕಾಯುತ್ತಿದ್ದೀಯ. ಅಜ್ಜಿ ಅಲ್ಲಿ ನಿನಗಾಗಿ ಕಾಯುತ್ತಿದ್ದಾರೆ, ಯಾಕೆ ಬರುತ್ತಿಲ್ಲ ಎಂಬುದೂ ಅವರಿಗೆ ಗೊತ್ತಿಲ್ಲ. ನನ್ನ ಕನಿಕರದಲ್ಲಿ ದೊಡ್ಡ ಪಾಲು ಅವರಿಗೇ ಹೋಗುತ್ತದೆ.

ಹಾಗಾಗಿ ನಾನು ಹೇಳುವುದು ಒಂದೇ. ಸೋಮವಾರ ಬೆಳಿಗ್ಗೆ ವೃದ್ಧಾಶ್ರಮಕ್ಕೆ ಹೋಗು, ಕೆಲಸ ವಾಪಸ್ ಕೇಳು. ಪೂರ್ತಿ ದಿನದ ಕೆಲಸ ಇಲ್ಲ ಅಂದರೆ ಅರ್ಧ ದಿನ ಕೇಳು. ಅದೂ ಇಲ್ಲದಿದ್ದರೆ ವಾರಕ್ಕೆ ಎರಡು ದಿನ ಸುಮ್ಮನೆ ಬಂದು ಅಜ್ಜಿಯ ತಲೆ ಬಾಚಿ ಹೋಗುತ್ತೇನೆ ಅನ್ನು. ಸೀಟು ಬಂದರೆ ಬಿಡಬೇಕಾಗುತ್ತದೆ ಎಂದು ಮೊದಲೇ ಹೇಳು, ಮುಚ್ಚಿಡಬೇಡ. ಕೆಲಸದ ಹೊತ್ತಿನಲ್ಲಿ ಫೋನ್ ಚೀಲದಲ್ಲಿರಲಿ. ಇಮೇಲ್ ಸಂಜೆ ಒಂದು ಸಲ ನೋಡಿದರೆ ಸಾಕು, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಅಲ್ಲಿಗೆ ಹೋದಾಗ ಇನ್ನೊಂದು ವಿಚಾರಿಸು. ರಕ್ತ, ಮೈದ್ರವಗಳಿಂದ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಬಿ, ಅದರ ಲಸಿಕೆ ಹಾಕಿಸಿಕೊಂಡಿದ್ದೀಯಾ? ಸಾಮಾನ್ಯವಾಗಿ ಮೂರು ಡೋಸ್ ಇರುತ್ತದೆ: ಮೊದಲನೆಯದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ವಾರ್ಡಿಗೆ ಕಳಿಸುವ ಮೊದಲು ಇದರ ದಾಖಲೆ ಕೇಳುವ ಕಾಲೇಜುಗಳು ಬಹಳ. ಸೀಟು ಸಿಕ್ಕಿದ ಮೇಲೆ ಶುರು ಮಾಡಿದರೆ ಆರು ತಿಂಗಳು ಓಡಿಹೋಗುತ್ತದೆ. ವಯಸ್ಸಾದವರ ಆರೈಕೆ ಮಾಡುವವರಿಗೆ ಹೇಗೂ ಬೇಕಾದದ್ದು ಅದು.

ಈ ಸಲ ಸೀಟು ಬರದಿದ್ದರೆ? ಅರ್ಜಿಯಲ್ಲಿ ಎಲ್ಲಿ ಹಿಂದೆ ಬಿದ್ದೆ ಎಂದು ಕಾಲೇಜನ್ನೇ ಕೇಳು, ಕೆಲವರು ಹೇಳುತ್ತಾರೆ. ಮುಂದಿನ ಸಲ ಒಂದೇ ಕಡೆ ಅರ್ಜಿ ಹಾಕಬೇಡ. ದೊಡ್ಡ ಹೆಸರಿನ ಆ ಒಂದೇ ಕಾಲೇಜು ಬೇಕು ಎಂದು ಹಟ ಹಿಡಿದದ್ದು ನಿನ್ನ ತಪ್ಪು. ಮಾನ್ಯತೆ ಇರುವ ಬೇರೆ ಕಾಲೇಜಿನಲ್ಲಿ ಓದಿದರೂ ನರ್ಸ್ ಆಗಬಹುದು. ಮತ್ತೆ ಸಂದರ್ಶನಕ್ಕೆ ಕೂತಾಗ, ಎರಡು ವರ್ಷದ ಕೆಲಸವನ್ನು ನನಗೆ ಹೇಳಿದ ಹಾಗೆ ಮೂರು ಸಾಲಿನಲ್ಲಿ ಮುಗಿಸಬೇಡ. ಈ ಸಲವೂ ಹಾಗೇ ಮುಗಿಸಿದೆಯೇನೋ ಎಂಬ ಅನುಮಾನ ನನಗಿದೆ. ಆ ಅಜ್ಜಿಯ ವಿಷಯ ಹೇಳಿದೆಯಾ? ಹೇಳಿರಲಿಕ್ಕಿಲ್ಲ.

ಸೋಮವಾರ ಎಷ್ಟು ಗಂಟೆಗೆ ಹೋದೆ, ಅಜ್ಜಿ ಏನಂದರು ಎಂದು ನನಗೆ ಬರೆ. ಸೀಟಿನ ಸುದ್ದಿ ಆಮೇಲೆ ಹೇಳಿದರೂ ನಡೆಯುತ್ತದೆ.