ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ‘ಪಿ63 ನೆಗೆಟಿವ್’ ಅಂತ ಬಂದರೆ ಒಳ್ಳೆಯದೇ?

ನಿಮ್ಮ ತಂದೆಯವರ ರಕ್ತದಲ್ಲಿ ಪಿಎಸ್ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) 7.2 ಇದೆ, ಬಯಾಪ್ಸಿಯಲ್ಲಿ ‘ಪಿ63 ನೆಗೆಟಿವ್, ಎಎಂಎಸಿಆರ್ ಪಾಸಿಟಿವ್’ ಅಂತ ಬರೆದಿದ್ದಾರೆ, ನೆಗೆಟಿವ್ ಅಂದಮೇಲೆ ಭಯವಿಲ್ಲ ಅಲ್ವಾ ಅಂತ ಕೇಳಿದ್ದೀರಿ. ನಾನು ಪೆಥಾಲಜಿ ಲ್ಯಾಬಿನಲ್ಲಿ ಇಂಥ ಸ್ಲೈಡುಗಳಿಗೆ ಬಣ್ಣ ಹಾಕುವ ಕೆಲಸ ಮಾಡುತ್ತೇನೆ. ಹೇಳೋಕೆ ಕಷ್ಟವಾಗುತ್ತದೆ, ಆದರೂ ನೇರವಾಗಿಯೇ ಹೇಳಬೇಕು. ಇಲ್ಲಿ ಪಿ63 ನೆಗೆಟಿವ್ ಬಂದಿರುವುದು ಕ್ಯಾನ್ಸರ್ ಕಡೆಗೇ ಬೆರಳು ತೋರಿಸುತ್ತದೆ.

ಆರೋಗ್ಯವಾಗಿರುವ ಪ್ರಾಸ್ಟೇಟಿನಲ್ಲಿ ಪ್ರತಿಯೊಂದು ಸಣ್ಣ ಗ್ರಂಥಿಗೂ ಎರಡು ಪದರ. ಒಳಗೆ ದ್ರವ ಸ್ರವಿಸುವ ಕೋಶಗಳು, ಹೊರಗೆ ಬೇಸಲ್ ಕೋಶಗಳು. ಪಿ63 ಅನ್ನುವ ಪ್ರೋಟೀನ್ ಇರುವುದು ಈ ಬೇಸಲ್ ಕೋಶಗಳ ನ್ಯೂಕ್ಲಿಯಸ್ಸಿನಲ್ಲಿ. ಅದನ್ನು ಹಿಡಿಯುವ ಆಂಟಿಬಾಡಿಯನ್ನು ಸ್ಲೈಡ್ ಮೇಲೆ ಹಾಕುತ್ತೇವೆ. ಅಂಟದೆ ಉಳಿದದ್ದನ್ನು ತೊಳೆದು, ಆಮೇಲೆ ಬಣ್ಣ ಬರಿಸುತ್ತೇವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳ್ಳೆಯ ಗ್ರಂಥಿಯ ಸುತ್ತ ಮಣಿ ಪೋಣಿಸಿದ ಹಾಗೆ ಕಂದು ಚುಕ್ಕೆಗಳು ಕಾಣುತ್ತವೆ. ಕ್ಯಾನ್ಸರ್ ಗ್ರಂಥಿಯಲ್ಲಿ ಬೇಸಲ್ ಕೋಶಗಳೇ ಇರುವುದಿಲ್ಲ, ಆದ್ದರಿಂದ ಆ ಚುಕ್ಕೆಗಳೂ ಇಲ್ಲ. ಪಕ್ಕದಲ್ಲೇ ಒಂದಾದರೂ ಒಳ್ಳೆಯ ಗ್ರಂಥಿ ಕಂದಾಗಿ ಕಂಡರೆ ನಮಗೂ ಧೈರ್ಯ, ಆಂಟಿಬಾಡಿ ಸರಿಯಾಗಿ ಕೆಲಸ ಮಾಡಿದೆ ಅಂತ.

ಎಎಂಎಸಿಆರ್ ಇದಕ್ಕೆ ಉಲ್ಟಾ. ಅದು ಕೆಲವು ಬಗೆಯ ಕೊಬ್ಬಿನಾಮ್ಲ ಒಡೆಯಲು ಬೇಕಾದ ಕಿಣ್ವ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಆದರೆ ಕ್ಯಾನ್ಸರ್ ಅಲ್ಲದ ಕೆಲವು ಗ್ರಂಥಿಗಳಲ್ಲೂ ಇದು ಪಾಸಿಟಿವ್ ಬರಬಹುದು. ಅದಕ್ಕೇ ಎರಡನ್ನೂ ಜೊತೆಗೆ ನೋಡುತ್ತಾರೆ. ಅದಕ್ಕೂ ಮುಂಚೆ ಡಾಕ್ಟರು ಮಾಮೂಲಿ ಬಣ್ಣದ ಸ್ಲೈಡಿನಲ್ಲಿ ಗ್ರಂಥಿಯ ಆಕಾರ ನೋಡಿರುತ್ತಾರೆ. ತೀರ್ಪು ಕೊಡುವುದು ಅವರ ಕಣ್ಣು. ಅನುಮಾನ ಇದ್ದ ಕಡೆ ಆಂಟಿಬಾಡಿ ನೆರವಿಗೆ ಬರುತ್ತದೆ.

ರಕ್ತದ ಪಿಎಸ್ಎ ಅಳೆಯುವುದೂ ಆಂಟಿಬಾಡಿಯಿಂದಲೇ. ಒಂದು ಆಂಟಿಬಾಡಿ ಪಿಎಸ್ಎಯನ್ನು ಹಿಡಿದಿಡುತ್ತದೆ, ಇನ್ನೊಂದು ಅದು ಎಷ್ಟಿದೆ ಅಂತ ತೋರಿಸುತ್ತದೆ. 1979ರಲ್ಲಿ ಅಮೆರಿಕದ ಬಫಲೋ ನಗರದ ರಾಸ್ವೆಲ್ ಪಾರ್ಕ್ ಸಂಸ್ಥೆಯವರು ಈ ಪ್ರೋಟೀನನ್ನು ಪ್ರಾಸ್ಟೇಟಿನಿಂದ ಬೇರ್ಪಡಿಸಿದರು. ಒಳ್ಳೆಯ ಪ್ರಾಸ್ಟೇಟ್ ಕೂಡ ಇದನ್ನು ತಯಾರಿಸುತ್ತದೆ. ಪ್ರಾಸ್ಟೇಟ್ ಊದಿದರೂ ಸೋಂಕಾದರೂ ಪಿಎಸ್ಎ ಏರುತ್ತದೆ. ಹಾಗಾಗಿ ಬರೀ 7.2 ನೋಡಿ ಯಾರೂ ಕ್ಯಾನ್ಸರ್ ಅನ್ನುವುದಿಲ್ಲ.

ಒಂದು ವಿಷಯ ಮಾತ್ರ ಮರೆಯದೆ ಡಾಕ್ಟರಿಗೆ ಹೇಳಿ. ತಂದೆಯವರು ಮೂತ್ರದ ತೊಂದರೆಗೆ ಫಿನಾಸ್ಟೆರೈಡ್ ಅಥವಾ ಡ್ಯೂಟಾಸ್ಟೆರೈಡ್ ಮಾತ್ರೆಯನ್ನು ಆರು ತಿಂಗಳಿಗಿಂತ ಜಾಸ್ತಿ ತಗೊಂಡಿದ್ದರೆ ಪಿಎಸ್ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಆಗ 7.2 ಅನ್ನು 14ರ ಆಸುಪಾಸು ಅಂತಲೇ ಓದಬೇಕು.

ಈಗ ರಿಪೋರ್ಟಿನಲ್ಲಿ ‘ಗ್ಲೀಸನ್ ಸ್ಕೋರ್’, ಅಂದರೆ ಕ್ಯಾನ್ಸರ್ ಎಷ್ಟು ಉಗ್ರ ಅಂತ ತಿಳಿಸುವ ಅಂಕಿ, ಎಷ್ಟಿದೆ ನೋಡಿ. 6 ಇದ್ದರೆ ಎಷ್ಟೋ ಜನರಿಗೆ ತಕ್ಷಣ ಚಿಕಿತ್ಸೆಯೇ ಬೇಡ, ಆಗಾಗ ಪರೀಕ್ಷೆ ಮಾಡಿಸುತ್ತಾ ಗಮನ ಇಟ್ಟರೆ ಸಾಕಾಗುತ್ತದೆ. ಮುಂದಿನ ದಾರಿ ಯೂರಾಲಜಿಸ್ಟ್ ಹೇಳುತ್ತಾರೆ. ಇನ್ನೊಬ್ಬರ ಅಭಿಪ್ರಾಯ ಬೇಕು ಅನ್ನಿಸಿದರೆ ಲ್ಯಾಬಿನಲ್ಲಿ ಸ್ಲೈಡ್ ಮತ್ತು ಬಯಾಪ್ಸಿ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ. ಸಂಕೋಚ ಬೇಡ, ದಿನವೂ ಯಾರಾದರೂ ಕೇಳುತ್ತಲೇ ಇರುತ್ತಾರೆ.