ಮನರಂಜನಾ ಪಾರ್ಕಿನ ನೂಕುನುಗ್ಗಲಿನಲ್ಲಿ ಪುಟ್ಟ ಮಕ್ಕಳ ಶೌಚ: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಮಗಳಿಗೆ ಈಗಷ್ಟೇ ಮೂರು ತುಂಬಿದೆ. ಹಗಲಿನಲ್ಲಿ ಡೈಪರ್ ಬಿಟ್ಟು ಎರಡು ತಿಂಗಳಾಯಿತು; ಮನೆಯಲ್ಲಿದ್ದಾಗ ‘ಸುಸ್ಸು’ ಎಂದು ತಾನಾಗಿಯೇ ಹೇಳುತ್ತಾಳೆ. ಬೇಸಿಗೆ ರಜೆಯಲ್ಲಿ ನಾದಿನಿಯ ಮನೆಯವರೊಂದಿಗೆ ಬಿಡದಿಯ ವಂಡರ್‌ಲಾಗೆ ಹೋಗುವುದೆಂದು ತೀರ್ಮಾನವಾಗಿದೆ. ಹಿಂದೊಮ್ಮೆ ಮದುವೆಗೆ ಹೋಗಿದ್ದಾಗ ಛತ್ರದ ಶೌಚಾಲಯದ ಮುಂದೆ ಸಾಲಿನಲ್ಲಿ ನಿಂತಂತೆಯೇ ಬಟ್ಟೆ ಒದ್ದೆ ಮಾಡಿಕೊಂಡಳು, ಆಮೇಲೆ ಎಷ್ಟು ಹೊತ್ತಾದರೂ ಅಳು ನಿಲ್ಲಿಸಲಿಲ್ಲ. ‘ಬೆಳಗ್ಗೆಯಿಂದಲೇ ನೀರು ಕಡಿಮೆ ಕೊಡು, ಇಲ್ಲವೇ ಅವತ್ತೊಂದಿನ ಡೈಪರ್ ಹಾಕಿಬಿಡು’ ಎನ್ನುತ್ತಾರೆ ನಮ್ಮತ್ತೆ. ಏನು ಮಾಡಲಿ?
— ಓದುಗರು, ವಿಜಯನಗರ

ಉತ್ತರ: ನೀರು ಕಡಿಮೆ ಮಾಡುವುದು ಬೇಡವೇ ಬೇಡ. ನಿಮ್ಮ ಅತ್ತೆಯವರ ಮಾತಿನ ಹಿಂದೆ ಮೊಮ್ಮಗಳ ಮೇಲಿನ ಅಕ್ಕರೆಯೇ ಇದೆ. ಆದರೆ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಓಡಿ ಆಡುವ ಮಗುವಿಗೆ ನೀರು ತಪ್ಪಿಸಿದರೆ ಮೂತ್ರ ಗಾಢವಾಗಿ ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತದೆ, ಅದರಿಂದ ಕೋಶ ಅರ್ಧ ತುಂಬುವ ಮೊದಲೇ ಅವಸರ ಶುರುವಾಗಬಹುದು. ಅಂದರೆ ತಡೆಯಲು ಹೊರಟ ತೊಂದರೆಯೇ ಹೆಚ್ಚಾಗುತ್ತದೆ. ಈ ವಯಸ್ಸಿನ ಮಗುವಿಗೆ ಹಾಲು, ಸಾರು, ಹಣ್ಣು, ನೀರು ಎಲ್ಲ ಸೇರಿ ದಿನಕ್ಕೆ ಸುಮಾರು 1.3 ಲೀಟರ್ ದ್ರವ ಬೇಕು, ಬಿಸಿಲಿನಲ್ಲಿ ಅದಕ್ಕಿಂತಲೂ ಹೆಚ್ಚು. ಬದಲಾಯಿಸಬೇಕಾದದ್ದು ಕುಡಿಸುವ ಕ್ರಮವನ್ನು ಮಾತ್ರ. ಬಾಯಾರಿಕೆ ಬಲಿಯುವವರೆಗೆ ಬಿಟ್ಟು ಅರ್ಧ ಬಾಟಲಿಯನ್ನು ಒಂದೇ ಸಲಕ್ಕೆ ಕುಡಿಸುವುದಕ್ಕಿಂತ, ಅರ್ಧ ಗಂಟೆಗೊಮ್ಮೆ ನಾಲ್ಕೈದು ಗುಟುಕು ಕೊಡುತ್ತಾ ಹೋಗಿ. ಕೋಲಾ, ಕಾಫಿ, ಟೀ ಬೇಡ. ಅವುಗಳಲ್ಲಿರುವ ಕೆಫೀನ್ ಮೂತ್ರದ ಅವಸರವನ್ನು ಹೆಚ್ಚಿಸುತ್ತದೆ.

ಛತ್ರದಲ್ಲಿ ನಡೆದದ್ದು ಮಗುವಿನ ತಪ್ಪಲ್ಲ. ಮಗುವಿನ ವಯಸ್ಸಿಗೆ ಎರಡು ಸೇರಿಸಿ ಮೂವತ್ತರಿಂದ ಗುಣಿಸಿದರೆ ಮೂತ್ರಕೋಶ ಎಷ್ಟು ಮಿಲಿಲೀಟರ್ ಹಿಡಿಯಬಲ್ಲದು ಎಂಬ ಸ್ಥೂಲ ಅಂದಾಜು ಸಿಗುತ್ತದೆ. ಮೂರು ವರ್ಷದವಳಿಗೆ ಅದು 150 ಮಿಲಿಲೀಟರ್, ಮನೆಯಲ್ಲಿ ಕಾಫಿ ಕುಡಿಯುವ ಲೋಟದಷ್ಟು. ಸಾಲದೆಂಬಂತೆ, ಆಟದಲ್ಲಿ ಮುಳುಗಿದ ಮಗುವಿಗೆ ಕೋಶ ತುಂಬಿರುವುದು ಗೊತ್ತಾಗುವುದೇ ತಡವಾಗಿ, ಗೊತ್ತಾದ ಮೇಲೆ ಅದು ತಡೆದುಕೊಳ್ಳಬಲ್ಲದ್ದು ಕೆಲವೇ ನಿಮಿಷ. ಸಾಲು ಉದ್ದವಿದ್ದರೆ ಆ ಕೆಲವು ನಿಮಿಷಗಳು ಸಾಲುವುದಿಲ್ಲ, ಅಷ್ಟೇ.

ಆದ್ದರಿಂದ ಪಾರ್ಕಿನಲ್ಲಿ ಮಗು ಹೇಳಲಿ ಎಂದು ಕಾಯಬೇಡಿ; ಆ ದಿನದ ಮಟ್ಟಿಗೆ ಗಡಿಯಾರ ನೋಡುವ ಕೆಲಸ ದೊಡ್ಡವರದ್ದು. ಒಂದೂವರೆ ಗಂಟೆಗೊಮ್ಮೆ, ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಕರೆದುಕೊಂಡು ಹೋಗಿ. ಇದಲ್ಲದೆ ಆಟದ ಸಾಲಿಗೆ ಸೇರುವ ಮುನ್ನ, ನೀರಿಗಿಳಿಯುವ ಮುನ್ನ, ಊಟಕ್ಕೆ ಕೂರುವ ಮುನ್ನ ಮತ್ತು ಹೊರಡುವ ಮುನ್ನ ಒಂದೊಂದು ಸಲ ಹೋಗಿಬನ್ನಿ. ‘ಸುಸ್ಸು ಬಂದಿದೆಯಾ?’ ಎಂದು ಕೇಳಿದರೆ ಆಟ ತಪ್ಪೀತೆಂಬ ಭಯಕ್ಕೆ ಹತ್ತರಲ್ಲಿ ಒಂಬತ್ತು ಮಕ್ಕಳು ‘ಇಲ್ಲ’ ಎಂದೇ ಹೇಳುತ್ತಾರೆ. ‘ಈಗ ಸುಸ್ಸು ಮಾಡಿ ಬರೋಣ, ಬಂದ ತಕ್ಷಣ ರೈಲು ಹತ್ತೋಣ’ ಎಂದು ಹೇಳಿ ಕೈ ಹಿಡಿದು ಹೊರಡಿ. ಬರಲಿಲ್ಲವೆಂದರೆ ಒಂದು ನಿಮಿಷ ಕೂರಿಸಿ ಎಬ್ಬಿಸಿ, ಒತ್ತಾಯ ಬೇಡ. ಈ ನಡುವೆ ಮಗು ಕಾಲಿಗೆ ಕಾಲು ಹೆಣೆದು ನಿಂತರೆ, ಇದ್ದಕ್ಕಿದ್ದಂತೆ ಮೌನವಾದರೆ, ಹಿಮ್ಮಡಿಯನ್ನು ಕೆಳಗೆ ಒತ್ತಿ ಕುಕ್ಕರಗಾಲಿನಲ್ಲಿ ಕುಳಿತರೆ, ಅದನ್ನೇ ಮಗುವಿನ ಮಾತೆಂದು ತಿಳಿದು ತಡಮಾಡದೆ ಎತ್ತಿಕೊಳ್ಳಿ.

ಹೊರಡುವ ದಿನದ ಬೆಳಗ್ಗೆಗೂ ಗಮನ ಬೇಕು. ಹೊಟ್ಟೆಗೆ ಆಹಾರ ಬಿದ್ದ ಮೇಲೆ ದೊಡ್ಡ ಕರುಳು ಚುರುಕಾಗುತ್ತದೆ. ಸಾಮಾನ್ಯವಾಗಿ ತಿಂದು ಅರ್ಧ ಗಂಟೆಯೊಳಗೆ ಮಕ್ಕಳಿಗೆ ‘ಎರಡಕ್ಕೆ’ ಬರುವುದು ಇದರಿಂದಲೇ. ತಿಂಡಿ ತಿನ್ನಿಸಿದ ಕೈಯಲ್ಲೇ ಕಾರು ಹತ್ತಿಸಿದರೆ ಆ ಹೊತ್ತು ಸರಿಯಾಗಿ ಕೆಂಗೇರಿಯ ಟ್ರಾಫಿಕ್ಕಿನಲ್ಲಿ ಬಂದು ನಿಲ್ಲುತ್ತದೆ. ಎಂದಿಗಿಂತ ಮುಕ್ಕಾಲು ಗಂಟೆ ಮೊದಲೇ ಎಬ್ಬಿಸಿ, ತಿಂಡಿ ಕೊಟ್ಟು, ಐದು ನಿಮಿಷ ಪಾಟಿಯ ಮೇಲೆ ಕೂರಿಸಿ ಹೊರಡುವುದು ಒಳ್ಳೆಯದು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುವವರು ಹೇಗೂ ನಿಲ್ಲಿಸುತ್ತೀರಿ. ಶೌಚಾಲಯ ಸ್ವಚ್ಛವಾಗಿರುವ ಹೋಟೆಲನ್ನೇ ಆರಿಸಿಕೊಂಡು ಅಲ್ಲೊಮ್ಮೆ ಮಗುವನ್ನು ಕರೆದುಕೊಂಡು ಹೋಗಿ. ಪಾರ್ಕಿನೊಳಗೆ ಕಾಲಿಟ್ಟ ಕೂಡಲೇ ಆಟಗಳನ್ನು ಹುಡುಕುವ ಮೊದಲು ನಕ್ಷೆಯಲ್ಲಿ ಶೌಚಾಲಯಗಳನ್ನು ಗುರುತಿಸಿಕೊಳ್ಳಿ. ಊಟದ ಅಂಗಳಕ್ಕೆ ಅಂಟಿಕೊಂಡಿರುವ ಶೌಚಾಲಯದಲ್ಲಿ ಮಧ್ಯಾಹ್ನ ಒಂದರಿಂದ ಎರಡರವರೆಗೆ ಜನ ತುಂಬಿರುತ್ತಾರೆ; ಹನ್ನೆರಡಕ್ಕೇ ಊಟ ಮುಗಿಸಿದರೆ ಆ ಗದ್ದಲ ತಪ್ಪುತ್ತದೆ.

ಬಟ್ಟೆಯ ವಿಷಯವನ್ನು ತುಸು ಒತ್ತಿ ಹೇಳುತ್ತೇನೆ, ಏಕೆಂದರೆ ಎಷ್ಟೋ ಸಲ ಮಗು ಶೌಚಾಲಯದ ಬಾಗಿಲು ತಲುಪಿದ ಮೇಲೆ ಸೋಲುವುದು ಬಟ್ಟೆಯಿಂದ. ನೀರಿನ ಆಟಗಳಿಗೆ ನೈಲಾನ್ ಬಗೆಯ ಉಡುಪು ಬೇಕಾಗುತ್ತದೆ. ಹೆಣ್ಣುಮಕ್ಕಳಿಗೆಂದು ಅಂಗಡಿಯಲ್ಲಿ ಮೊದಲು ತೋರಿಸುವುದು ಭುಜದಿಂದ ತೊಡೆಯವರೆಗೆ ಒಂದೇ ತುಂಡಾಗಿರುವ ಈಜುಡುಗೆ. ಅದು ಒದ್ದೆಯಾದ ಮೇಲೆ ಮೈಗೆ ಅಂಟಿಕೊಳ್ಳುತ್ತದೆ; ತೋಳಿನಿಂದ ಬಿಡಿಸಿ, ಬೆನ್ನಿನಿಂದ ಸುರುಳಿ ಸುತ್ತಿದಂತೆ ಕೆಳಗಿಳಿಸಿ, ಸೊಂಟ ದಾಟಿಸುವಷ್ಟರಲ್ಲಿ, ಚಳಿಗೆ ನಡುಗುತ್ತಾ ನಿಂತ ಮಗುವಿನ ಕೈ ಮೀರಿಹೋಗಿರುತ್ತದೆ. ಮೇಲಂಗಿ ಬೇರೆ, ಎಲಾಸ್ಟಿಕ್ ಚಡ್ಡಿ ಬೇರೆ ಇರುವ ಎರಡು ತುಂಡಿನ ಉಡುಪು ಕೊಳ್ಳಿ. ಮನೆಯಲ್ಲೇ ಒಮ್ಮೆ ಒದ್ದೆ ಮಾಡಿ, ಮಗುವೇ ಅದನ್ನು ಕೆಳಗೆ ಎಳೆದುಕೊಳ್ಳಬಲ್ಲಳೇ ನೋಡಿ. ತಣ್ಣೀರಿನಲ್ಲಿದ್ದಾಗ ಮೂತ್ರ ಹೆಚ್ಚು ಉತ್ಪತ್ತಿಯಾಗುವುದರಿಂದ ಗಂಟೆಗೊಮ್ಮೆಯಾದರೂ ನೀರಿನಿಂದ ಹೊರಗೆ ಕರೆತರಬೇಕು.

ಹಗಲಿನಲ್ಲಿ ಎರಡು ತಿಂಗಳಿಂದ ಒಣಗಿರುವ ಮಗುವಿಗೆ ಮತ್ತೆ ದಿನಪೂರ್ತಿ ಡೈಪರ್ ತೊಡಿಸುವುದು ನನಗೆ ಸರಿ ಕಾಣುವುದಿಲ್ಲ. ಕಲಿತ ಅಭ್ಯಾಸ ಗೊಂದಲಕ್ಕೆ ಬೀಳುತ್ತದೆ, ಬಿಸಿಲಿನ ಬೆವರಿಗೆ ತೊಡೆಸಂದಿಯ ಚರ್ಮವೂ ಕೆಂಪಾಗುತ್ತದೆ. ಸಂಜೆ ಹಿಂದಿರುಗುವಾಗ ಮಗು ನಿದ್ದೆ ಹೋಗುವುದು ಖಂಡಿತ, ಆಗ ‘ಇದು ಕಾರಿನಲ್ಲಿ ನಿದ್ದೆ ಮಾಡೋದಕ್ಕೆ’ ಎಂದು ಹೇಳಿ ಹಾಕಿದರೆ ತಪ್ಪಿಲ್ಲ. ಶೌಚದ ತರಬೇತಿ ಹೋದ ವಾರವಷ್ಟೇ ಶುರುವಾಗಿದ್ದರೆ ಮಾತು ಬೇರೆ. ಅಂಥ ಮನೆಯವರು ಪ್ರವಾಸವನ್ನು ಒಂದು ತಿಂಗಳು ಮುಂದೂಡಲಿ ಅಥವಾ ಸಂಕೋಚವಿಲ್ಲದೆ ಡೈಪರಿನಲ್ಲೇ ಕರೆದೊಯ್ಯಲಿ.

ಇಷ್ಟೆಲ್ಲ ಮಾಡಿದ ಮೇಲೂ ಒಮ್ಮೆ ಒದ್ದೆಯಾಗಬಹುದು. ಎರಡು ಜೊತೆ ಬಟ್ಟೆ, ಒಂದು ಜೊತೆ ಹೆಚ್ಚುವರಿ ಚಪ್ಪಲಿ, ಚಿಕ್ಕ ಟವೆಲ್, ಪ್ಲಾಸ್ಟಿಕ್ ಕವರ್ ಮತ್ತು ತೊಳೆಯಲು ಅರ್ಧ ಲೀಟರ್ ನೀರಿನ ಬಾಟಲಿ ಲಾಕರಿನಲ್ಲಲ್ಲ, ನಿಮ್ಮ ಹೆಗಲಿನ ಚೀಲದಲ್ಲೇ ಇರಲಿ. ಎಲ್ಲರೆದುರು ‘ಥೂ, ನಾಚಿಕೆ ಆಗಲ್ವಾ’ ಎನ್ನುವ ಮಾತು ಯಾರ ಬಾಯಿಂದಲೂ ಬರಬಾರದು. ನಾದಿನಿಯ ಮಕ್ಕಳಿಗೂ ನಗಬಾರದೆಂದು ಮೊದಲೇ ತಿಳಿಹೇಳಿ. ‘ಒದ್ದೆಯಾಯ್ತು, ಬಟ್ಟೆ ಬದಲಾಯಿಸೋಣ ಬಾ’ ಎಂದರೆ ಸಾಕು. ಅಂದು ನಿಮ್ಮ ಮಗಳು ಅಷ್ಟು ಹೊತ್ತು ಅತ್ತದ್ದು ಒದ್ದೆಯಾದದ್ದಕ್ಕಿಂತ ಸುತ್ತಲಿನವರ ಮುಖಭಾವಕ್ಕೆ ಇರಬಹುದು. ಸಾಲಿನಲ್ಲಿ ಮುಂದಿರುವವರನ್ನು ‘ಮಗುಗೆ ಅರ್ಜೆಂಟ್ ಇದೆ ಅಕ್ಕ, ಸ್ವಲ್ಪ ಮುಂದೆ ಬಿಡ್ತೀರಾ’ ಎಂದು ಕೇಳಲು ಹಿಂಜರಿಯಬೇಡಿ. ನಮ್ಮ ಊರಿನಲ್ಲಿ ತಾಯಂದಿರು ಅದಕ್ಕೆ ಒಲ್ಲೆ ಎನ್ನುವುದು ಅಪರೂಪ.

ಪ್ರಶ್ನೆ: ನಮ್ಮ ಮಗನಿಗೆ ಮೂರೂವರೆ ವರ್ಷ. ಹೊರಗಡೆಯ ಕಮೋಡ್ ಕಂಡರೆ ಕಿರುಚುತ್ತಾನೆ. ಎಲ್ಲಿಗಾದರೂ ಹೋದರೆ ಮನೆಗೆ ಬರುವವರೆಗೂ ತಡೆದುಕೊಂಡಿರುತ್ತಾನೆ; ಕೆಲವೊಮ್ಮೆ ಎರಡು ಮೂರು ದಿನ ಕಕ್ಕವೂ ಆಗುವುದಿಲ್ಲ. ಇಂಥವನನ್ನು ದಿನವಿಡೀ ಹೊರಗೆ ಕರೆದೊಯ್ಯಬಹುದೇ?
— ಓದುಗರು, ಯಲಹಂಕ

ಉತ್ತರ: ಪಾರ್ಕಿಗಿಂತ ಮೊದಲು ಮಲಬದ್ಧತೆಯನ್ನು ಸರಿಪಡಿಸಿ. ತಡೆಹಿಡಿದ ಮಲ ಗುದನಾಳದಲ್ಲಿ ಒಣಗಿ ದಪ್ಪವಾಗುತ್ತದೆ, ಹೊರಬರುವಾಗ ನೋವಾಗುತ್ತದೆ, ನೋವಿನ ನೆನಪಿಗೆ ಮಗು ಇನ್ನಷ್ಟು ತಡೆಯುತ್ತದೆ. ತುಂಬಿದ ಗುದನಾಳ ಮುಂದಿರುವ ಮೂತ್ರಕೋಶವನ್ನು ಒತ್ತುವುದರಿಂದ ಚಡ್ಡಿ ಒದ್ದೆಯಾಗುವುದೂ ಮೂತ್ರದ ಸೋಂಕು ತಗಲುವುದೂ ಹೆಚ್ಚು. ಪಪ್ಪಾಯ, ಸೊಪ್ಪು, ನೀರು ಸಹಾಯಕ, ಆದರೆ ಎರಡು ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುವುದು ರೂಢಿಯಾಗಿಬಿಟ್ಟಿದ್ದರೆ ಮಲ ಮೃದುಗೊಳಿಸುವ ಔಷಧ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ, ವೈದ್ಯರನ್ನು ಕಾಣಿ. ಜ್ವರ, ಉರಿಮೂತ್ರ, ಹೊಟ್ಟೆನೋವು ಜೊತೆಗಿದ್ದರೆ ಅಂದೇ ಮೂತ್ರ ಪರೀಕ್ಷೆ ಮಾಡಿಸಬೇಕು.

ಕಿರುಚಾಟಕ್ಕೆ ಕಾರಣಗಳು ಸಾಮಾನ್ಯವಾಗಿ ಮೂರು: ಎತ್ತರದ ಕಮೋಡಿನ ದೊಡ್ಡ ಬಾಯಿ, ಕುಳಿತಿರುವಾಗಲೇ ತಾನಾಗಿ ಭೋರೆಂದು ಹರಿಯುವ ಫ್ಲಶ್, ಕೈ ಒಣಗಿಸುವ ಯಂತ್ರದ ಸದ್ದು. ಮಗುವನ್ನು ಹಿಂದುಮುಂದಾಗಿ, ಅಂದರೆ ನೀರಿನ ತೊಟ್ಟಿಯ ಕಡೆ ಮುಖ ಮಾಡಿ, ಕಾಲುಗಳನ್ನು ಎರಡೂ ಕಡೆ ಇಳಿಬಿಟ್ಟು ಕೂರಿಸಿ, ಕಂಕುಳ ಕೆಳಗೆ ಹಿಡಿದುಕೊಳ್ಳಿ. ತೊಟ್ಟಿಗೆ ಕೈಯೂರಿ ಕುಳಿತರೆ ಒಳಗೆ ಬೀಳುವ ಭಯವಿರುವುದಿಲ್ಲ. ಎರಡಕ್ಕೆ ಕೂರುವಾಗ ಪಾದಕ್ಕೆ ಆಸರೆ ಬೇಕೇ ಬೇಕು. ಎದುರಿಗೆ ಕುಳಿತು ನಿಮ್ಮ ಮೊಣಕಾಲಿನ ಮೇಲೆ ಅವನ ಪಾದ ಇರಿಸಿಕೊಳ್ಳಿ. ತಾನಾಗಿ ಹರಿಯುವ ಫ್ಲಶ್ ಇದ್ದರೆ ಸೆನ್ಸರಿನ ಕಣ್ಣಿಗೆ ಒಂದು ಚೂರು ಕಾಗದ ಅಂಟಿಸಿ, ಮಗು ಹೊರಗೆ ಬಂದ ಮೇಲೆ ತೆಗೆಯಿರಿ. ಜೆಟ್ ಸ್ಪ್ರೇಯ ರಭಸಕ್ಕೂ ಮಕ್ಕಳು ಬೆಚ್ಚುತ್ತಾರೆ, ಬಾಟಲಿಯ ನೀರಿನಿಂದ ತೊಳೆಯಿರಿ. ಮಡಚುವ ಪಾಟಿ ಸೀಟು ಸಿಗುತ್ತದೆ. ಮನೆಯಲ್ಲಿ ವಾರವಿಡೀ ಅದರ ಮೇಲೆಯೇ ಕೂರಿಸಿ, ಅದನ್ನೇ ಜೊತೆಗೆ ಒಯ್ಯಿರಿ.

ಒಮ್ಮೆಗೇ ದಿನಪೂರ್ತಿಯ ಪ್ರವಾಸ ಬೇಡ. ಮೊದಲು ಮಾಲಿಗೆ ಒಂದು ಗಂಟೆ, ಆಮೇಲೆ ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಅರ್ಧ ದಿನ ಕರೆದೊಯ್ದು, ಅಲ್ಲಿ ಶೌಚಾಲಯವನ್ನು ಬಳಸಿ ಬಂದರೆ ಮೆಚ್ಚುಗೆಯ ಮಾತಾಡಿ. ಬನ್ನೇರುಘಟ್ಟದ ಸಫಾರಿಯನ್ನು ಸದ್ಯಕ್ಕೆ ಬಿಡಿ. ಪ್ರಾಣಿಗಳ ನಡುವೆ ವಾಹನದಿಂದ ಇಳಿಯುವಂತಿಲ್ಲವಾದ್ದರಿಂದ ತಡೆದುಕೊಳ್ಳುವ ಮಗುವಿಗೆ ಅದು ಹಿಂಸೆ.

ಪ್ರಶ್ನೆ: ನಾಲ್ಕು ವರ್ಷದ ಮಗಳನ್ನು ನಾನೊಬ್ಬನೇ ಕರೆದುಕೊಂಡು ಹೋಗಬೇಕಾಗಿದೆ. ಗಂಡಸರ ಶೌಚಾಲಯಕ್ಕೆ ಕರೆದೊಯ್ಯಲು ಮುಜುಗರ, ಹೆಂಗಸರ ಕಡೆಗೆ ಒಬ್ಬಳನ್ನೇ ಕಳಿಸಲು ಭಯ.
— ಓದುಗರು, ಜಯನಗರ

ಉತ್ತರ: ಒಬ್ಬಳನ್ನೇ ಕಳಿಸಬೇಡಿ, ಅಪರಿಚಿತರ ಕೈಗೂ ಒಪ್ಪಿಸಬೇಡಿ. ಟಿಕೆಟ್ ಕೌಂಟರಿನಲ್ಲೇ ಕುಟುಂಬದವರಿಗೆಂದು ಅಥವಾ ಮಗುವಿನ ಡೈಪರ್ ಬದಲಾಯಿಸಲೆಂದು ಪ್ರತ್ಯೇಕ ಕೋಣೆ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಗಂಡಸರ ಶೌಚಾಲಯದಲ್ಲಿ ಬಾಗಿಲಿರುವ ಕೋಣೆಗೆ, ಮಗಳನ್ನು ಎತ್ತಿಕೊಂಡು ನೇರವಾಗಿ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳಿ. ಈ ವಯಸ್ಸಿನ ಮಗಳ ಜೊತೆ ತಂದೆ ಹೋಗುವುದರಲ್ಲಿ ಮುಜುಗರಪಡುವಂಥದ್ದೇನೂ ಇಲ್ಲ. ಮುಂದಿನಿಂದ ಹಿಂದಕ್ಕೆ ತೊಳೆದು ಒರೆಸಿ; ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮಲದ ಬ್ಯಾಕ್ಟೀರಿಯಾ ಮೂತ್ರದ್ವಾರಕ್ಕೆ ತಲುಪುತ್ತದೆ. ಸ್ಯಾನಿಟೈಸರ್ ಇದ್ದರೂ ಕೈಯನ್ನು ಸೋಪಿನಿಂದಲೇ ಇಪ್ಪತ್ತು ಸೆಕೆಂಡು ತೊಳೆಸಿ. ನೀವು ಬಾಗಿ ಬಟ್ಟೆ ಸರಿಪಡಿಸುವ ಅರೆಕ್ಷಣದಲ್ಲೂ ಮಕ್ಕಳು ಜನರ ನಡುವೆ ಸೇರಿಬಿಡುವುದರಿಂದ, ನಿಮ್ಮ ಮೊಬೈಲ್ ಸಂಖ್ಯೆಯನ್ನು ಅವಳ ಮುಂಗೈ ಮೇಲೆ ಪೆನ್ನಿನಲ್ಲಿ ಬರೆದಿಡಿ.

ಪ್ರಶ್ನೆ: ಒಂದೂವರೆ ವರ್ಷದ ಮಗುವನ್ನು ಮಕ್ಕಳ ಕೊಳಕ್ಕೆ ಇಳಿಸುವಾಗ ಈಜುಡೈಪರ್ ಹಾಕಿದರೆ ಸಾಕೇ? ಹೋದ ವಾರ ಅವನಿಗೆ ಭೇದಿಯಾಗಿತ್ತು.
— ಓದುಗರು, ಹೆಬ್ಬಾಳ

ಉತ್ತರ: ಈಜುಡೈಪರ್ ಮೂತ್ರವನ್ನು ಹೀರಿಕೊಳ್ಳುವುದಿಲ್ಲ; ಗಟ್ಟಿ ಮಲವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ನೀರಾದ ಭೇದಿಯನ್ನು ತಡೆಯಲಾರದು. ಮನೆಯಿಂದ ಪಾರ್ಕಿನವರೆಗೆ ಅದನ್ನೇ ತೊಡಿಸಿದರೆ ಕಾರಿನ ಸೀಟು ಒದ್ದೆಯಾಗುತ್ತದೆ, ಮಾಮೂಲಿ ಡೈಪರಿನಲ್ಲೇ ನೀರಿಗಿಳಿಸಿದರೆ ಅದು ನೀರು ಹೀರಿ ಭಾರವಾಗಿ ಜಾರುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹೊರತೆಗೆದು ನೋಡಿ, ಕೊಳದ ಅಂಚಿನಲ್ಲಲ್ಲದೆ ಶೌಚಾಲಯದಲ್ಲೇ ಬದಲಾಯಿಸಿ. ನೀರಿಗೆ ಬಿದ್ದ ಮೂತ್ರ ಕ್ಲೋರಿನ್ ಜೊತೆ ಸೇರಿ ಕಣ್ಣು ಉರಿಸುವ ಕ್ಲೋರಮೈನ್‌ಗಳಾಗುತ್ತದೆ.

ಭೇದಿಯ ಮಾತು ಇದಕ್ಕಿಂತ ಗಂಭೀರವಾದದ್ದು. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕಿರಬಲ್ಲದು, ಭೇದಿ ನಿಂತ ಮೇಲೂ ಕೆಲ ದಿನ ಮಗುವಿನ ಮಲದಲ್ಲಿ ಹೊರಬರುತ್ತಲೇ ಇರುತ್ತದೆ. ಆ ಕೊಳದಲ್ಲಿ ನೀರು ನುಂಗುವವರೆಲ್ಲ ನಿಮ್ಮ ಮಗುವಿನಂಥ ಮಕ್ಕಳೇ. ಈ ಸೋಂಕು ಪತ್ತೆಯಾದವರಿಗೆ ಭೇದಿ ನಿಂತ ಬಳಿಕ ಎರಡು ವಾರ ನೀರಿಗಿಳಿಯಬಾರದೆಂದು ಸಲಹೆ ಕೊಡುತ್ತೇವೆ. ನಮ್ಮಲ್ಲಿ ಭೇದಿಯಾದ ಪ್ರತಿ ಮಗುವಿಗೂ ಆ ಪರೀಕ್ಷೆ ಮಾಡಿಸುವ ರೂಢಿ ಇಲ್ಲವಾದ್ದರಿಂದ ನಿಮಗೂ ಅದನ್ನೇ ಹೇಳುತ್ತೇನೆ. ಟಿಕೆಟ್ ಈಗಾಗಲೇ ಕಾಯ್ದಿರಿಸಿದ್ದರೆ ದಿನಾಂಕ ಬದಲಾಯಿಸಲು ಕೇಳಿ. ಅದಾಗದಿದ್ದರೆ ಅಂದು ಮಗುವಿಗೆ ಒಣ ಆಟಗಳಷ್ಟೇ ಇರಲಿ.