ಓದುಗರ ಪ್ರಶ್ನೆ: ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ

ಪ್ರಶ್ನೆ: ಹೃದಯದ ಪಾಠಕ್ಕೆ ಸ್ಲೈಡ್ ಮಾಡಿದ್ದೇನೆ. ಮೇಲೆ ಚಿತ್ರ, ಭಾಗಗಳಿಗೆ 1ರಿಂದ 10ರವರೆಗೆ ಅಂಕಿ, ಕೆಳಗೆ ಹತ್ತು ಸಾಲು ವಿವರಣೆ. ಚಿತ್ರ ಸ್ಪಷ್ಟವಾಗಿದ್ದರೂ ಮಕ್ಕಳು ಹೃತ್ಕರ್ಣ (ಮೇಲಿನ ಕೋಣೆ), ಹೃತ್ಕುಕ್ಷಿಗಳನ್ನು (ಕೆಳಗಿನ ಕೋಣೆ) ಅದಲುಬದಲು ಮಾಡುತ್ತಾರೆ. ಏನು ಮಾಡಲಿ?
– ವಿಜ್ಞಾನ ಶಿಕ್ಷಕಿ, ಹಾವೇರಿ

ಉತ್ತರ: ಮೊದಲು ಅಂಕಿಗಳನ್ನು ತೆಗೆಯಿರಿ, ತೊಡಕಿರುವುದು ಅಲ್ಲೇ. ಮಗು ಚಿತ್ರದಲ್ಲಿ 4 ನೋಡಿ, ಕೆಳಗೆ ನಾಲ್ಕನೇ ಸಾಲು ಹುಡುಕಿ, ‘ಎಡ ಹೃತ್ಕುಕ್ಷಿ’ ಎಂದು ಓದಿ, ಮತ್ತೆ ಮೇಲೆ ಬಂದು 4 ಎಲ್ಲಿತ್ತೆಂದು ಹುಡುಕಬೇಕು. ಅಲ್ಲಿಯವರೆಗೂ ಓದಿದ್ದನ್ನು ಮರೆಯುವಂತಿಲ್ಲ. ಹೊಸ ವಿಷಯದಲ್ಲಿ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಮೂರ್ನಾಲ್ಕು ಸಂಗತಿಗಳನ್ನಷ್ಟೆ. ಆ ಶಕ್ತಿ ಹುಡುಕಾಟಕ್ಕೇ ಹೋದರೆ, ರಕ್ತ ಎಲ್ಲಿಂದ ಎಲ್ಲಿಗೆ ಹರಿಯಿತು ಎಂದು ಯೋಚಿಸಲು ಏನು ಉಳಿದೀತು?

ಪ್ರತಿ ಹೆಸರನ್ನೂ ಆಯಾ ಭಾಗದ ಒಳಗೇ ಬರೆಯಿರಿ. ಜಾಗ ಸಾಲದಿದ್ದರೆ ಪಕ್ಕದಲ್ಲಿ ಬರೆದು ಚಿಕ್ಕ ಗೆರೆ ಎಳೆಯಿರಿ. ಗೆರೆಗಳು ಒಂದನ್ನೊಂದು ದಾಟಬಾರದು. ಹೆಸರಿನ ಕೆಳಗೇ ಅದರ ಕೆಲಸವನ್ನು ನಾಲ್ಕೈದು ಪದಗಳಲ್ಲಿ ಹೇಳಿ: ‘ಎಡ ಹೃತ್ಕುಕ್ಷಿ – ದೇಹಕ್ಕೆಲ್ಲ ರಕ್ತ ಒತ್ತುತ್ತದೆ’. ಹತ್ತೂ ಭಾಗ ಒಂದೇ ಸ್ಲೈಡಿನಲ್ಲಿ ಇಕ್ಕಟ್ಟಾಗುತ್ತವೆ. ಅಕ್ಷರ ಕಿರಿದು ಮಾಡುವ ಬದಲು ಎರಡು ಸ್ಲೈಡ್ ಮಾಡಿ: ಮೊದಲು ಬಲಭಾಗ ಮತ್ತು ಶ್ವಾಸಕೋಶಕ್ಕೆ ಹೋಗುವ ದಾರಿ, ಆಮೇಲೆ ಎಡಭಾಗ. ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ಸಾಲಿನ ಅಂತರ 1ಕ್ಕಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ‘ಹೃತ್ಕರ್ಣ’, ‘ಹೃತ್ಕುಕ್ಷಿ’ ಎರಡರಲ್ಲೂ ಒತ್ತುಗಳೇ ಹೆಚ್ಚು, ಹಿಂದಿನ ಬೆಂಚಿಗೆ ಎರಡೂ ಒಂದೇ ಥರ ಕಾಣುತ್ತವೆ. ಅಂತರ 1.2 ಇಡಿ.

ಹತ್ತಿರ ಇಟ್ಟ ಮಾತ್ರಕ್ಕೆ ಏನನ್ನಾದರೂ ಬರೆಯಬಹುದು ಎಂದಲ್ಲ. 1991ರಲ್ಲಿ ಕಲಿಕೆಯ ಸಂಶೋಧಕರಾದ ಪಾಲ್ ಚಾಂಡ್ಲರ್ ಮತ್ತು ಜಾನ್ ಸ್ವೆಲ್ಲರ್ ಪ್ರಕಟಿಸಿದ ಪ್ರಯೋಗಗಳಲ್ಲಿ ರಕ್ತಪರಿಚಲನೆಯ ಚಿತ್ರವೂ ಇತ್ತು. ಬಾಣದ ಗುರುತುಗಳಿಂದಲೇ ಅರ್ಥವಾಗುವ ಆ ಚಿತ್ರದೊಳಗೆ ಅದನ್ನೇ ವಿವರಿಸುವ ವಾಕ್ಯಗಳನ್ನೂ ಸೇರಿಸಿದಾಗ ಕಲಿಕೆ ಕುಗ್ಗಿತು. ಬರೀ ಚಿತ್ರ ನೋಡಿದವರೇ ಮುಂದಿದ್ದರು. ಹಾಗಾಗಿ ಬಾಣ ತೋರಿಸುತ್ತಿರುವುದನ್ನು ಮತ್ತೆ ಬರೆಯಬೇಡಿ. ಚಿತ್ರ ಹೇಳಲಾಗದ್ದನ್ನು ಬರೆಯಿರಿ, ಉದಾಹರಣೆಗೆ ಎಡ ಹೃತ್ಕುಕ್ಷಿಯ ಗೋಡೆ ಏಕೆ ದಪ್ಪ ಎಂಬುದನ್ನು.

ಪ್ರಶ್ನೆ: ವರ್ಡ್‌ನಲ್ಲಿ ಚಿತ್ರದ ಪಕ್ಕದಲ್ಲೇ ವಿವರಣೆ ಇಟ್ಟು ನೋಟ್ಸ್ ಮಾಡುತ್ತೇನೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ವಿದ್ಯಾರ್ಥಿಗಳ ಮೊಬೈಲಿನಲ್ಲಿ ಎಲ್ಲಾ ಚೆಲ್ಲಾಪಿಲ್ಲಿ.
– ಐಟಿಐ ಬೋಧಕರು, ತುಮಕೂರು

ಉತ್ತರ: ಚಿತ್ರದ ಮೇಲೆ ಕೂರಿಸಿದ ಟೆಕ್ಸ್ಟ್ ಬಾಕ್ಸ್‌ಗಳು ಬೇರೆ ಬೇರೆ ವಸ್ತುಗಳಾಗಿ ಉಳಿದಿರುತ್ತವೆ. ಮೊಬೈಲಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಸಾಲುಗಳು ಉದ್ದವಾಗಿ ಎಲ್ಲವೂ ಜರುಗುತ್ತದೆ. ಹೆಸರು ಬರೆದ ಚಿತ್ರವನ್ನು ಒಂದೇ ಇಮೇಜ್ ಆಗಿ ಉಳಿಸಿ, ‘ಇನ್ ಲೈನ್ ವಿತ್ ಟೆಕ್ಸ್ಟ್’ (ಚಿತ್ರ ಸಾಲಿನ ಅಕ್ಷರದಂತೆ ಕೂರುವ) ಆಯ್ಕೆಯಲ್ಲಿ ಸೇರಿಸಿ, ಕಡತವನ್ನು ಪಿಡಿಎಫ್ ಮಾಡಿ ಕಳಿಸಿ. ಆದರೂ ಎ4 ಪುಟದ ಎರಡು ಕಾಲಂ ಮೊಬೈಲಿಗೆ ಒಗ್ಗದು. ವಿವರಣೆ ಓದಲು ಹಿಗ್ಗಿಸಿದ ಕೂಡಲೇ ಚಿತ್ರ ಪರದೆಯಾಚೆ ಹೋಗುತ್ತದೆ, ಪಕ್ಕದಲ್ಲಿಟ್ಟ ಶ್ರಮವೆಲ್ಲ ವ್ಯರ್ಥ. ಪುಟದ ಅಳತೆಯನ್ನೇ ಮೊಬೈಲ್ ಪರದೆಯಂತೆ ಉದ್ದವಾಗಿ, ಅಗಲ ಕಿರಿದಾಗಿ ಮಾಡಿ. ಉದಾಹರಣೆಗೆ, ಕಾರ್ಬ್ಯುರೇಟರಿನ (ಎಂಜಿನ್‌ಗೆ ಪೆಟ್ರೋಲ್-ಗಾಳಿ ಬೆರೆಸಿ ಕೊಡುವ ಭಾಗ) ಪಾಠವಾದರೆ ಅದರ ಪೂರ್ತಿ ಚಿತ್ರ ಮೊದಲ ಪುಟದಲ್ಲಿರಲಿ. ಆಮೇಲೆ ಅದರ ಭಾಗಗಳಾದ ಫ್ಲೋಟ್, ಜೆಟ್, ಥ್ರಾಟಲ್ ಒಂದೊಂದಕ್ಕೂ ಒಂದು ಪುಟ, ಹಿಗ್ಗಿಸಿದ ಚಿತ್ರದ ಅಡಿಯಲ್ಲೇ ಎರಡು-ಮೂರು ಸಾಲು.

ಪ್ರಶ್ನೆ: ವಿಡಿಯೊ ಪಾಠದಲ್ಲಿ ನಾನು ಹೇಳುವುದನ್ನೆಲ್ಲ ಕೆಳಗೆ ಅಕ್ಷರದಲ್ಲೂ ಹಾಕಬೇಕೇ?
– ಯೂಟ್ಯೂಬ್ ಬೋಧಕಿ, ಮೈಸೂರು

ಉತ್ತರ: ಬೇಡ. ಚಿತ್ರ ಚಲಿಸುತ್ತಿರುವಾಗ ಕಣ್ಣು ಕೆಳಗಿನ ಸಾಲಿಗೆ ಇಳಿದರೆ ಆ ಚಲನೆ ತಪ್ಪಿಹೋಗುತ್ತದೆ. ಸಂಶೋಧಕರಾದ ರೊಕ್ಸಾನಾ ಮೊರೆನೊ ಮತ್ತು ರಿಚರ್ಡ್ ಮೇಯರ್ 1999ರಲ್ಲಿ ಮಿಂಚು ಹುಟ್ಟುವ ಬಗೆಯ ಅನಿಮೇಷನ್ ಇಟ್ಟುಕೊಂಡು ಪರೀಕ್ಷಿಸಿದರು. ದೂರದ ಬರಹಕ್ಕಿಂತ ಚಿತ್ರದ ಪಕ್ಕದ ಬರಹ ಮೇಲು, ಅದಕ್ಕಿಂತಲೂ ಧ್ವನಿಯ ವಿವರಣೆ ಮೇಲು ಎಂದು ಕಂಡಿತು. ಹೊಸ ಪಾರಿಭಾಷಿಕ ಪದವನ್ನು ಮಾತ್ರ, ನೀವು ಉಚ್ಚರಿಸುವ ಕ್ಷಣದಲ್ಲೇ, ಆ ಭಾಗದ ಪಕ್ಕ ಮೂಡಿಸಿ. ಕಿವಿ ಕೇಳದವರಿಗೂ ಕನ್ನಡ ಈಗಷ್ಟೇ ಕಲಿಯುತ್ತಿರುವವರಿಗೂ ಪೂರ್ತಿ ಬರಹ ಬೇಕೇ ಬೇಕು. ಅದನ್ನು ಪರದೆಯಲ್ಲಿ ಅಚ್ಚೊತ್ತದೆ, ಬೇಕಾದವರು ಆನ್ ಮಾಡಿಕೊಳ್ಳುವ ಕ್ಯಾಪ್ಷನ್ ಆಗಿ ಕೊಡಿ.